ವಾಸನೆಯಿಲ್ಲದ ನೆಲ

ನಗರಸಭೆಯ ಕಟ್ಟಡಕ್ಕೆ ದಿನವೂ ಎಲ್ಲರಿಗಿಂತ ಮೊದಲು ಕಾಲಿಡುವವಳು ಕನ್ನಡಿಯಕ್ಕ. ಆಯುಕ್ತರು ಬರುವುದು ಹತ್ತೂವರೆಗೆ, ಗುಮಾಸ್ತರು ಬರುವುದು ಆಯುಕ್ತರು ಬರುವ ಐದು ನಿಮಿಷ ಮುಂಚೆ. ಇವಳು ಮಾತ್ರ ಆರು ಗಂಟೆಗೇ ಹಾಜರು. ಇವಳು ಒರೆಸಿದ ನೆಲದಲ್ಲಿ ಮುಖ ನೋಡಿ ಕ್ರಾಪು ಬಾಚಿಕೊಳ್ಳಬಹುದು ಎಂದು ಎಂದೋ ಒಬ್ಬ ಜವಾನ ತಮಾಷೆ ಮಾಡಿದ್ದ. ಆ ಮಾತೇ ಹೆಸರಾಗಿ ಅಂಟಿಕೊಂಡಿತು. ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಆಯುಕ್ತರು ಎಷ್ಟೋ ಜನ ಬಂದು ಹೋಗಿದ್ದರು. ಅವರಲ್ಲಿ ಮೂವರನ್ನಾದರೂ ಅವಳು ಬಾಗಿಲಲ್ಲೇ ತಡೆದು, "ನೆಲ ಹಸಿ ಇದೆ, ಒಣಗೋವರೆಗೆ ಅಲ್ಲೇ ನಿಂತ್ಕೊಳ್ಳಿ ಸಾರ್" ಎಂದಿದ್ದುಂಟು. ಮೂವರೂ ತುಟಿ ಪಿಟಕ್ಕೆನ್ನದೆ ನಿಂತಿದ್ದರು.

ಅವಳ ಇನ್ನೊಂದು ಹೆಮ್ಮೆ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ "ಖರೀದಿ ಅಧಿಕಾರಿ" ಎಂಬ ಹಿತ್ತಾಳೆ ಫಲಕ. ಆ ಕುರ್ಚಿಯಲ್ಲಿ ಕೂರುವವಳು ಅವಳ ಸ್ವಂತ ತಂಗಿ. ಅಮ್ಮ ತೀರಿಕೊಂಡಾಗ ತಂಗಿಗೆ ಐದು ವರ್ಷ, ಅಕ್ಕನಿಗೆ ಇಪ್ಪತ್ತು. ಅಂದಿನಿಂದ ತಲೆ ಬಾಚಿ ಜಡೆ ಹಾಕಿದ್ದು, ಶಾಲೆಗೆ ಬಿಟ್ಟಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತಿದ್ದು, ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದರೆ ಬೆನ್ನಿಗೊಂದು ಬಿಟ್ಟಿದ್ದು ಎಲ್ಲ ಇವಳೇ. ಇದೇ ಕಟ್ಟಡದ ನೆಲ ಒರೆಸಿ ಓದಿಸಿದ ಹುಡುಗಿ ಇದೇ ಕಟ್ಟಡಕ್ಕೆ ಅಧಿಕಾರಿಯಾಗಿ ಬಂದ ದಿನ ಕನ್ನಡಿಯಕ್ಕ ಮೆಟ್ಟಿಲುಗಳನ್ನು ಎರಡು ಸಲ ಒರೆಸಿದ್ದಳು. ಕಚೇರಿಯೊಳಗೆ ಅವಳು ತಂಗಿಯನ್ನು "ಮೇಡಂ" ಎನ್ನುತ್ತಿದ್ದಳು. ಎಲ್ಲರೂ ಅಕ್ಕ ಎನ್ನುತ್ತಿದ್ದುದರಿಂದ ತಂಗಿಗೆ ಆ ಕಷ್ಟವಿರಲಿಲ್ಲ. ಹಿತ್ತಾಳೆ ಫಲಕಕ್ಕೆ ಹೊಳಪು ಕೊಡುವುದು ಯಾರ ಕೆಲಸದ ಪಟ್ಟಿಯಲ್ಲೂ ಇರಲಿಲ್ಲ. ಆದರೂ ಅದು ದಿನವೂ ಹೊಳೆಯುತ್ತಿತ್ತು.

ಈ ತಂಗಿ ಸುಮ್ಮನೆ ಕೂತು ಸಹಿ ಹಾಕುವ ಪೈಕಿಯಲ್ಲ. ಎರಡು ವರ್ಷ ತಲೆ ಕೆಡಿಸಿಕೊಂಡು ಅವಳೊಂದು ಖರೀದಿ ನೀತಿ ಬರೆದಿದ್ದಳು. ಪೊರಕೆಯಿಂದ ಹಿಡಿದು ಬೀದಿದೀಪದವರೆಗೆ ನಗರಸಭೆ ಏನನ್ನೇ ಕೊಳ್ಳಲಿ, ಬೆಲೆ ಕೇಳುವ ಮೊದಲು ಮೂರು ಪ್ರಶ್ನೆ ಕೇಳಬೇಕು. ಕೆಟ್ಟರೆ ರಿಪೇರಿ ಆಗುತ್ತದೆಯೇ? ಬಳಸಿದ ಮೇಲೆ ಯಾವ ನೀರಿಗೆ, ಯಾವ ಮಣ್ಣಿಗೆ ಹೋಗಿ ಸೇರುತ್ತದೆ? ಅದನ್ನು ಹಿಡಿಯುವ ಕೈಗೆ ಏನು ಮಾಡುತ್ತದೆ? ಸದಸ್ಯರಲ್ಲಿ ಅರ್ಧ ಜನ ಮೂಗು ಮುರಿದರು. ಕೊನೆಗೆ ಅಧ್ಯಕ್ಷೆ, ನಿವೃತ್ತ ಶಾಲಾ ಮುಖ್ಯೋಪಾಧ್ಯಾಯಿನಿ, ಒಂದು ದಾರಿ ಕಂಡುಹಿಡಿದರು. ಒಂದೇ ಒಂದು ವಸ್ತುವನ್ನು, ಅಂದರೆ ನೆಲ ಒರೆಸುವ ದ್ರಾವಣವನ್ನು, ಈ ಕಟ್ಟಡದಲ್ಲೇ ಮೂರು ತಿಂಗಳು ಪ್ರಯೋಗ ಮಾಡುವುದು. ಗೆದ್ದರೆ ಇಡೀ ನೀತಿಗೆ ಒಪ್ಪಿಗೆ, ಸೋತರೆ ಕಡತ ಕಪಾಟಿಗೆ. ಆ ಕಟ್ಟಡದಲ್ಲಿ ಕಪಾಟು ಸೇರಿದ ಕಡತ ಮತ್ತೆ ಬೆಳಕು ಕಂಡ ಉದಾಹರಣೆ ಇರಲಿಲ್ಲ.

ಹಳೆಯ ಫಿನಾಯಿಲು ಇಪ್ಪತ್ತು ಲೀಟರಿನ ಕ್ಯಾನುಗಳಲ್ಲಿ ಬರುತ್ತಿತ್ತು. ಮುಚ್ಚಳ ತೆರೆದರೆ ಕಣ್ಣಲ್ಲಿ ನೀರು. ಅದು ಬಂದದ್ದು ಓಣಿಯ ತುದಿಗೇ ತಿಳಿಯುತ್ತಿದ್ದುದರಿಂದ ಒರೆಸುವ ಹೆಂಗಸರು ಅದಕ್ಕೆ "ಅತ್ತೆ" ಎಂದು ಹೆಸರಿಟ್ಟಿದ್ದರು. ಅತ್ತೆಯ ಜೊತೆ ಬಾಳಿ ಬಾಳಿ ಅವರ ಅಂಗೈಗಳೆಲ್ಲ ಸೀಳಿ ಒರಟಾಗಿದ್ದವು, ಬೆರಳ ಗುರುತೇ ಅಳಿಸಿ ಹಾಜರಿಯ ಯಂತ್ರ ನಾಲ್ವರನ್ನು ಗುರುತಿಸುತ್ತಲೇ ಇರಲಿಲ್ಲ. ತಂಗಿ ತರಿಸಿದ ಹೊಸ ದ್ರಾವಣವಾದರೋ ಜೇಬಿನಲ್ಲಿ ಹಿಡಿಯುವ ಪುಟ್ಟ ಬಾಟಲಿ. ಬಣ್ಣವಿಲ್ಲ, ವಾಸನೆಯಿಲ್ಲ, ನೊರೆಯೂ ಅಷ್ಟಕ್ಕಷ್ಟೆ.

"ಇದೇನಕ್ಕಾ, ಬಂದಿದ್ದೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ" ಎಂದಳು ಕನ್ನಡಿಯಕ್ಕನ ಜೊತೆ ಕೆಳ ಅಂತಸ್ತಿನಲ್ಲಿ ದುಡಿಯುವ ಉದ್ದಜಡೆಯವಳು.

"ಹೊಸ ಸೊಸೆ ಕಣೇ. ಒಂದು ವಾರ ಸುಮ್ನಿರು, ಬಾಯಿ ಬಿಡ್ತಾಳೆ" ಎಂದಳು ಕನ್ನಡಿಯಕ್ಕ.

ಸೊಸೆ ಬಾಯಿ ಬಿಡಲಿಲ್ಲ. ಮೊದಲ ವಾರದ ಕೊನೆಗೆ ತೆರಿಗೆ ಕಟ್ಟಲು ಬಂದ ಮುದುಕರೊಬ್ಬರು ಸಾಲಿನಲ್ಲಿ ನಿಂತು ನೆಲ ನೋಡಿದರು, ಮೂಗೆಳೆದು ಗಾಳಿ ನೋಡಿದರು, ಆಮೇಲೆ ಕೇಳಿದರು, "ಯಾಕಮ್ಮಾ, ಇವತ್ತು ಒರೆಸಿಲ್ವಾ?"

ಕೇಳಿದ್ದು ಯಾರನ್ನು? ಕನ್ನಡಿಯಕ್ಕನನ್ನು! ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ಮುದುಕರು ಸುಳ್ಳು ಹೇಳಿರಲಿಲ್ಲ. ಕೌಂಟರುಗಳ ಮುಂದೆ ನೆಲ ಮಂಕಾಗಿತ್ತು, ಚಪ್ಪಲಿ ಗುರುತು ಪೂರ್ತಿ ಹೋಗಿರಲಿಲ್ಲ. ತನ್ನ ಹೆಸರು ಹೋದರೆ ಹೋಗಲಿ, ಇನ್ನು ಎರಡು ವರ್ಷಕ್ಕೆ ನಿವೃತ್ತಿ. ಆದರೆ ಹುಡುಗಿಯ ಎರಡು ವರ್ಷದ ಶ್ರಮ? ನಾಳೆ ಸದಸ್ಯರು ಇದೇ ನೆಲ ನೋಡಿ ನಗುತ್ತಾರೆ. ಅಕ್ಕ ಒರೆಸಿದ ನೆಲದ ಮೇಲೆ ತಂಗಿ ಕಾಲು ಜಾರಿ ಬೀಳುವುದೇ? ಅಂದು ಅವಳಿಗೆ ಊಟ ಸೇರಲಿಲ್ಲ.

ಅತ್ತೆಯ ಕ್ಯಾನುಗಳನ್ನೆಲ್ಲ ಮಾರಿದವರಿಗೇ ವಾಪಸು ಕಳಿಸಲು ಹೊರಗಿಟ್ಟಿದ್ದರು. ಅವುಗಳಲ್ಲಿ ಎರಡು ಕ್ಯಾನು ಮರುದಿನ ಬೆಳಿಗ್ಗೆ ಮೆಟ್ಟಿಲ ಕೆಳಗಿನ ಗೂಡು ಸೇರಿದವು, ಮೇಲೊಂದು ಹಳೇ ಗೋಣಿ ಮುಚ್ಚಿಕೊಂಡವು. ಅಂದಿನಿಂದ ಕೆಳಗಿನ ಅಂತಸ್ತಿನ ಮತ್ತು ಮೊದಲ ಮಹಡಿಯ ಬಕೆಟ್ಟುಗಳಿಗೆ, ಸೊಸೆಯ ಜೊತೆಗೆ ಎರಡೆರಡು ಮುಚ್ಚಳ ಅತ್ತೆ. ಆರಕ್ಕೆ ಒರೆಸಿದರೆ ಹತ್ತಕ್ಕೆ ಅಧಿಕಾರಿಗಳು ಬರುವಷ್ಟರಲ್ಲಿ ಘಾಟು ಆರಿಹೋಗುತ್ತಿತ್ತು, ಫಳಫಳ ಮಾತ್ರ ಉಳಿಯುತ್ತಿತ್ತು. ಉದ್ದಜಡೆಯವಳಿಗೂ ಇದು ತಿಳಿಯದಂತೆ ಬಕೆಟ್ಟು ತುಂಬುವ ಕೆಲಸವನ್ನು ಕನ್ನಡಿಯಕ್ಕ ತಾನೇ ವಹಿಸಿಕೊಂಡಳು, ಘಾಟೇನೆಂದು ಕೇಳಿದರೆ ಹಳೇ ಮಾಪಿನದೆಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳು ಮಾಡಿದ ಮೊದಲ ಕಳ್ಳತನ ಇದು. ಮಾಡಿದ್ದು ತನಗಾಗಿ ಅಲ್ಲ ಎಂಬ ಸಮಾಧಾನವೊಂದಿತ್ತು, ಸಾಲದಿದ್ದರೂ ಇತ್ತು.

ಕಟ್ಟಡಕ್ಕೆ ಬಂದವರು ಹೊಗಳತೊಡಗಿದರು. ಪ್ರಯೋಗದ ಪುಸ್ತಕದಲ್ಲಿ "ಚೆನ್ನಾಗಿದೆ" "ತುಂಬಾ ಚೆನ್ನಾಗಿದೆ" ಎಂಬ ಷರಾಗಳು ಸಾಲುಗಟ್ಟಿದವು. ಒಂದು ಭಾನುವಾರ ತಂಗಿ ಆ ಪುಸ್ತಕವನ್ನೇ ಅಕ್ಕನ ಮನೆಗೆ ತಂದಳು. ಅಕ್ಕನ ಗಂಡ, ಹೊಲಿಗೆ ಯಂತ್ರ ರಿಪೇರಿ ಮಾಡುವ ಮಿತಮಾತಿನ ಮನುಷ್ಯ, ಕನ್ನಡಕ ಏರಿಸಿಕೊಂಡು ಪುಟ ಪುಟವನ್ನೂ ಓದಿ, "ನಮ್ಮನೆ ಹುಡುಗಿ ಗೆದ್ಲು ಬಿಡು" ಎಂದ.

"ನಾನೆಲ್ಲಿ ಗೆದ್ದೆ ಭಾವಾ? ನೆಲ ಒರೆಸಿದ್ದು ಅಕ್ಕ" ಎಂದಳು ತಂಗಿ. ಅಕ್ಕ ಪಾತ್ರೆ ತೊಳೆಯುವ ನೆಪದಲ್ಲಿ ಎದ್ದು ಒಳಗೆ ಹೋದಳು. ಹೇಳಿಬಿಡಬೇಕೆಂದು ಗಂಟಲವರೆಗೆ ಬಂದ ಮಾತನ್ನು ಅವಳು ನೀರು ಕುಡಿದು ಕೆಳಗಿಳಿಸಿದಳು.

ಮೂರು ತಿಂಗಳು ಮುಗಿಯಿತು. ಸಭೆಯ ದಿನ ಎರಡನೇ ಮಹಡಿಯ ಸಭಾಂಗಣ ತುಂಬಿತ್ತು. ಪ್ರಯೋಗ ಮಾಡಿದವರೂ ಇರಲಿ ಎಂದು ಅಧ್ಯಕ್ಷೆ ಒರೆಸುವ ಹೆಂಗಸರಿಗೂ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಆ ಕೋಣೆಯಲ್ಲಿ ಕನ್ನಡಿಯಕ್ಕ ಅಂದೇ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತದ್ದು. ತಂಗಿ ಎದ್ದು ನಿಂತು, ಕಾಗದ ನೋಡದೆ, ಒಂದೊಂದನ್ನೂ ಬಿಡಿಸಿ ಹೇಳಿದಳು. ಒಮ್ಮೆಯೂ ತಡವರಿಸಲಿಲ್ಲ. ಇಂಥವಳನ್ನು ಬೆಳೆಸಿದೆನಲ್ಲ ಎಂದು ಅಕ್ಕನಿಗೆ ಎದೆ ಉಬ್ಬಿ ಬಂತು, ಮರುಕ್ಷಣವೇ ಗೋಣಿಯ ಕೆಳಗಿನ ಕ್ಯಾನು ನೆನಪಾಗಿ ಮುದುಡಿತು.

ಆಗ ಎದ್ದರು ಕಂಚಿನ ಕಂಠದ ಸದಸ್ಯರು. ಈ ನೀತಿಯನ್ನು ಮೊದಲಿನಿಂದಲೂ ವಿರೋಧಿಸುತ್ತ ಬಂದವರು. ಅವರಿಗೆ ಮೈಕು ಬೇಕಾಗಿರಲಿಲ್ಲ, ಆದರೂ ಹಿಡಿದುಕೊಂಡರು.

"ಹೋದ ವಾರ ನಾನೇ ಖುದ್ದಾಗಿ ಈ ಕಟ್ಟಡದ ಹಿಂದಿನ ಚರಂಡಿ ನೀರು ಹಿಡಿಸಿ ಪರೀಕ್ಷೆ ಮಾಡಿಸಿದ್ದೀನಿ. ವರದಿ ಇಲ್ಲಿದೆ. ಹಳೇ ಫಿನಾಯಿಲಲ್ಲಿ ಯಾವ ವಿಷ ಇತ್ತೋ ಅದೇ ವಿಷ ಈ ನೀರಲ್ಲೂ ಇದೆ! ಅಂದ್ರೆ ಏನರ್ಥ? ಹಳೇದನ್ನೇ ಹೊಸ ಬಾಟ್ಲಿಗೆ ತುಂಬಿ ಮಾರಿದ್ದಾರೆ. ಮಾರಿದವರು ಮೋಸಗಾರರು ಸರಿ. ಕೊಂಡವರು ಏನು? ಮೇಡಂಗೆ ಗೊತ್ತಿಲ್ದೆ ಆಯ್ತಾ? ಅಥವಾ ಗೊತ್ತಿದ್ದೇ, ಏನಾದ್ರೂ ಕೈಬಿಸಿ ಆಗಿದೆಯಾ?"

ಸಭೆ ಗುಜುಗುಜು ಎಂದಿತು. ತಂಗಿ ವರದಿಯನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು. ಅವಳ ಮುಖದ ರಕ್ತ ಇಳಿದುಹೋಯಿತು. "ಇದು ಸಾಧ್ಯವಿಲ್ಲ... ಪ್ರತಿ ಬಾಟ್ಲಿನೂ ನಾನೇ ಪರೀಕ್ಷೆ ಮಾಡಿಸಿದ್ದೀನಿ" ಎಂದಳು. ಆ ದನಿ ಅಕ್ಕನಿಗೆ ಗೊತ್ತಿತ್ತು. ಶಾಲೆಯಲ್ಲಿ ಮಾಡದ ತಪ್ಪಿಗೆ ಬೈಸಿಕೊಂಡು ಬಂದ ದಿನಗಳ ದನಿ ಅದು.

ಕನ್ನಡಿಯಕ್ಕ ಎದ್ದು ನಿಂತಳು. ಬಾಯಿ ಬಿಟ್ಟರೆ ಕೆಲಸ ಹೋಗಬಹುದು, ಪಿಂಚಣಿಯೂ ಹೋಗಬಹುದು. ಅಕ್ಕನೇ ಹಾಳು ಮಾಡಿದಳೆಂದು ತಂಗಿಯ ಹೆಸರಿಗೆ ಇನ್ನೊಂದು ಮಸಿ ಬೀಳಬಹುದು. ಬಾಯಿ ಬಿಡದಿದ್ದರೆ ಲಂಚಕೋರಳೆಂಬ ಹೆಸರು ತಂಗಿಯ ಹಣೆಗೆ ಅಂಟುವುದಂತೂ ಖಂಡಿತ. ಅವಳು ಅಧ್ಯಕ್ಷೆಯ ಕಡೆ ತಿರುಗಿದಳು.

"ಅಮ್ಮಾವ್ರೇ, ಆ ವಿಷ ಹಾಕಿದ್ದು ನಾನು."

ಒಮ್ಮೆಲೇ ಎಲ್ಲ ತಲೆಗಳೂ ಹಿಂದಕ್ಕೆ ತಿರುಗಿದವು. ಅವಳು ಎಲ್ಲವನ್ನೂ ಹೇಳಿದಳು. ಮುದುಕರ ಮಾತು, ಎರಡು ಕ್ಯಾನು, ಗೋಣಿ, ಎರಡೆರಡು ಮುಚ್ಚಳ. "ಮೇಡಂಗೆ ಎಳ್ಳಷ್ಟೂ ಗೊತ್ತಿಲ್ಲ. ಅವರು ನನ್ನ ತಂಗಿ ಅನ್ನೋದು ನಿಮಗೆಲ್ಲ ಗೊತ್ತು. ನೆಲ ಮಂಕಾದ್ರೆ ಅವರಿಗೆ ಅವಮಾನ ಆಗುತ್ತೆ ಅಂತ ನಾನೇ ಬುದ್ಧಿ ಕೆಟ್ಟು ಮಾಡಿದೆ. ಶಿಕ್ಷೆ ಕೊಡೋದಾದ್ರೆ ನನಗೆ ಕೊಡಿ."

"ಅಲ್ಲಿಗೆ ಮುಗೀತಲ್ಲ!" ಎಂದರು ಕಂಚಿನ ಕಂಠದವರು. ವಿಷಯ ತಾವಂದುಕೊಂಡ ದಾರಿಯಲ್ಲಿ ಹೋಗದಿದ್ದರೂ ತಲುಪಿದ ಊರು ಒಂದೇ ಎಂಬ ಖುಷಿ ಅವರಿಗೆ. "ಹಳೇ ಫಿನಾಯಿಲು ಬೆರೆಸದೆ ನೆಲ ಸ್ವಚ್ಛ ಆಗಲ್ಲ ಅಂತ ಒರೆಸೋರೇ ಹೇಳಿದ ಹಾಗಾಯ್ತು. ಪ್ರಯೋಗ ಸೋತಿದೆ. ಕಡತ ಮುಚ್ಚಿ."

ಕನ್ನಡಿಯಕ್ಕ ತಲೆ ತಗ್ಗಿಸಿದಳು. ತಗ್ಗಿಸಿದ ಕಣ್ಣಿಗೆ ಬಿದ್ದದ್ದು ಆ ಸಭಾಂಗಣದ ನೆಲ. ಅಂದು ಬೆಳಿಗ್ಗೆ ತಾನೇ ಒರೆಸಿದ ನೆಲ. ಕಿಟಕಿಯ ಸರಳುಗಳು ಅದರಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿದ್ದವು. ಇಷ್ಟು ದಿನ ಅದನ್ನು ನೋಡಿಯೂ, ಮೇಲಿನ ಮಹಡಿಗೆ ಬಿಸಿಲು ಜಾಸ್ತಿ, ಅದಕ್ಕೇ ಹೊಳೆಯುತ್ತದೆ ಎಂದು ಅವಳು ಅಂದುಕೊಂಡಿದ್ದಳು. ಅಂದು ಹೊರಗೆ ಮೋಡ ಕವಿದಿತ್ತು. ಅವಳ ತಲೆಯಲ್ಲಿ ಏನೋ ಥಟ್ಟನೆ ಹೊಳೆಯಿತು.

"ಒಂದು ನಿಮಿಷ ಸಾರ್" ಎಂದಳು. "ಕೆಳಗಡೆ ಎರಡು ಅಂತಸ್ತಿಗೂ ಬೆರೆಸಿದ್ದು ನಿಜ. ಈ ಮಹಡಿಗೆ ಒಂದು ಹನಿನೂ ಬೆರೆಸಿಲ್ಲ."

"ಯಾಕೆ? ಇದಕ್ಕೇನು ವಿಶೇಷ?"

"ಮೇಡಂ ಕೋಣೆ ಇಲ್ಲೇ ಇದೆಯಲ್ಲ. ಚಿಕ್ಕಂದಿನಿಂದ್ಲೂ ಅವಳ ಮೂಗು ಬಲು ಚುರುಕು. ಪಕ್ಕದ ಮನೇಲಿ ಹಾಲು ಉಕ್ಕಿದ್ರೆ ನಮ್ಮನೇಲಿ ಕೂತು ಹೇಳ್ತಿದ್ಲು."

ಸಭೆ ಗೊಳ್ಳೆಂದು ನಕ್ಕಿತು. ಅಧ್ಯಕ್ಷೆಯೂ ನಕ್ಕರು. ಕನ್ನಡಿಯಕ್ಕ ನಗಲಿಲ್ಲ. ಅವಳೀಗ ತನ್ನ ಕಸುಬಿನ ಮಾತಾಡುತ್ತಿದ್ದಳು, ಅದರಲ್ಲಿ ತಮಾಷೆಯಿರಲಿಲ್ಲ.

"ಇಂಜಿನಿಯರ್ ವಿಭಾಗ ಇರೋದೂ ಇದೇ ಮಹಡೀಲಿ. ರಸ್ತೆ ಅಗೆದು ಬಂದ ಬೂಟೆಲ್ಲ ಇಲ್ಲೇ ಓಡಾಡೋದು. ಕೆಳಗಿನಷ್ಟೇ ಕೊಳೆ ಇಲ್ಲೂ ಇದೆ. ಬರೀ ಹೊಸ ಬಾಟ್ಲಿ ಹಾಕಿ ಮೂರು ತಿಂಗಳಾಯ್ತು. ನಿಮ್ಮ ಕರ್ಚೀಫು ಒಂಚೂರು ಕೊಡಿ ಸಾರ್."

ಕಂಚಿನ ಕಂಠದವರು ಏನೆಂದು ತಿಳಿಯುವ ಮೊದಲೇ ಕೊಟ್ಟುಬಿಟ್ಟರು. ಬಿಳಿ ಕರವಸ್ತ್ರ, ಇಸ್ತ್ರಿಯ ಮಡಿಕೆ ಇನ್ನೂ ಬಿಚ್ಚಿರಲಿಲ್ಲ. ಕನ್ನಡಿಯಕ್ಕ ಅದನ್ನು ಬಿಚ್ಚಿ, ಮೊಣಕಾಲೂರಿ, ಅವರ ಕುರ್ಚಿಯ ಕಾಲ ಬುಡದಿಂದ ಅಧ್ಯಕ್ಷೆಯ ಮೇಜಿನವರೆಗೆ ಅಂಗೈ ಒತ್ತಿ ಉದ್ದಕ್ಕೂ ಎಳೆದಳು. ಆಮೇಲೆ ಎತ್ತಿ ಎರಡು ಕೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದಳು. ಬಟ್ಟೆ ಕೊಟ್ಟಾಗ ಹೇಗಿತ್ತೋ ಹಾಗೇ ಇತ್ತು. ಹಿಂದಿನ ಸಾಲಿನಲ್ಲಿ ಉದ್ದಜಡೆಯವಳು ಚಪ್ಪಾಳೆ ತಟ್ಟಿದಳು, ಸಭೆಯಲ್ಲಿ ಚಪ್ಪಾಳೆ ಕೂಡದೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಹಾಗಾದ್ರೆ ಕೆಳಗೆ ಯಾಕಮ್ಮ ಮಂಕಾಯ್ತು?" ಅಧ್ಯಕ್ಷೆ ಮುಂದಕ್ಕೆ ಬಾಗಿ ಕೇಳಿದರು. ತರಗತಿಯಲ್ಲಿ ಸರಿಯಾದ ಉತ್ತರ ಬರುವ ಸೂಚನೆ ಕಂಡ ಟೀಚರ ಮುಖ ಅದು.

"ಈಗ ಗೊತ್ತಾಯ್ತು ಅಮ್ಮಾವ್ರೇ. ಹಳೇದು ಬೆಂಕಿ ಇದ್ದ ಹಾಗೆ, ಬಿದ್ದ ಕೂಡಲೇ ಸುಡುತ್ತೆ. ಹಾಕು, ಒರೆಸು, ಮುಗೀತು. ನಮ್ಮ ಕೈಗೆ ಅದೇ ಅಭ್ಯಾಸ. ಹೊಸದಕ್ಕೆ ಸಮಯ ಕೊಡ್ಬೇಕು. ಇಲ್ಲಿ ನಾನು ನೆಲಕ್ಕೆ ನೀರು ಹರಡಿ, ಮೇಡಂ ಬಾಗಿಲ ಫಲಕ ಉಜ್ಜಿ, ನಾಲ್ಕು ಕಿಟಕಿ ಒರೆಸಿ, ಆಮೇಲೆ ಮಾಪು ಹಿಡೀತೀನಿ. ಅಷ್ಟು ಹೊತ್ತು ಅದು ಕೊಳೆ ಜೊತೆ ಕೂತಿರುತ್ತೆ, ಮೆತ್ತಗೆ ಮಾಡಿ ಬಿಡಿಸುತ್ತೆ. ಕೆಳಗೆ ಜನ ಬಂದ್ಬಿಡ್ತಾರೆ ಅನ್ನೋ ಅವಸರ. ಹಾಕಿದ ತಕ್ಷಣ ಎಳೆದು ಬಿಡ್ತೀವಿ. ತಪ್ಪು ಬಾಟ್ಲೀದಲ್ಲ, ನಮ್ಮ ಕೈಯ್ದು." ಆಮೇಲೆ ಸೇರಿಸಿದಳು, "ಬಾಟ್ಲಿ ಕೊಟ್ಟೋರು ಅದನ್ನ ಹೇಳ್ಲಿಲ್ಲ. ಒರೆಸೋರನ್ನ ಕೂರಿಸ್ಕೊಂಡು ಯಾರೂ ಕೇಳ್ಲಿಲ್ಲ. ಮೇಡಂ ಕೂಡ ಕೇಳ್ಲಿಲ್ಲ."

ತಂಗಿ ಅಕ್ಕನನ್ನೇ ನೋಡುತ್ತಿದ್ದಳು. ತನ್ನ ಕಡತ ತೆರೆದು ಅದರ ಅಂಚಿನಲ್ಲಿ ಏನನ್ನೋ ಬರೆದುಕೊಂಡಳು.

ಎರಡನೇ ಮಹಡಿಯ ನೀರು ಬೇರೆ ಕೊಳವೆಯಲ್ಲಿ ಇಳಿಯುತ್ತದೆಂದು ಇಂಜಿನಿಯರೊಬ್ಬರು ನೆನಪಿಸಿದರು. ಆ ಕೊಳವೆಯ ನೀರನ್ನು ಪರೀಕ್ಷಿಸಿ, ವಾರದ ನಂತರ ಮತ್ತೆ ಸೇರುವುದೆಂದು ತೀರ್ಮಾನವಾಯಿತು. ಕಂಚಿನ ಕಂಠದವರು ಕರವಸ್ತ್ರವನ್ನು ಮಡಿಸಿ ಜೇಬಿಗಿಡುವ ಮುನ್ನ ಇನ್ನೊಮ್ಮೆ ತಿರುಗಿಸಿ ನೋಡಿಕೊಂಡರು.

ಅಂದು ಸಂಜೆ ತಂಗಿ ಅಕ್ಕನ ಮನೆಗೆ ಬಂದಳು. ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ನನ್ನನ್ನ ನಂಬ್ಲಿಲ್ಲ ನೀನು" ಎಂದಳು.

"ನಿನ್ನ ನಂಬಿದ್ದೆ ಪುಟ್ಟಿ. ನಿನ್ನ ಬಾಟ್ಲೀನ ನಂಬ್ಲಿಲ್ಲ."

"ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ನಾನು ಬಂದು ನಿನ್ನ ಜೊತೆ ನೆಲ ಒರೆಸಿ ನೋಡ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ. ನೀನು ಮಾಪು ಹಿಡೀಬಾರ್ದು ಅಂತ ತಾನೇ ನಾನು ಹಿಡಿದಿದ್ದು."

ತಂಗಿಯ ಕಣ್ಣು ತುಂಬಿ ಬಂತು. ಅವಳು ಅಕ್ಕನ ಎರಡೂ ಕೈಗಳನ್ನು ಹಿಡಿದು ಅಂಗೈ ಮೇಲೆ ಮಾಡಿದಳು. "ಹೈಸ್ಕೂಲಿಗೆ ಹೋಗೋವಾಗ್ಲೂ ನನಗೆ ಜಡೆ ಹಾಕ್ತಿದ್ಯಲ್ಲ. ನಿನ್ನ ಬೆರಳ ಬಿರುಕಿಗೆ ನನ್ನ ಕೂದಲು ಸಿಕ್ಕಿ ಕಿತ್ತು ಬರ್ತಿತ್ತು. ನೋವಾಗುತ್ತೆ ಅಂದ್ರೆ ನೀನು ಬೇಜಾರು ಮಾಡ್ಕೋತೀಯ ಅಂತ ಹಲ್ಲು ಕಚ್ಚಿ ಕೂರ್ತಿದ್ದೆ. ಈ ಕೈನ ಹೀಗೆ ಮಾಡಿದ್ದು ಯಾವ್ದೋ ಅದನ್ನ ಈ ಊರಲ್ಲೇ ಯಾರೂ ಕೊಳ್ಳದ ಹಾಗೆ ಮಾಡ್ತೀನಿ ಅಂತ ಅಂದೇ ಅಂದ್ಕೊಂಡಿದ್ದೆ. ನೀನು ನೋಡಿದ್ರೆ ಅದನ್ನೇ ಗೋಣಿ ಮುಚ್ಚಿ ಸಾಕಿದೀಯ!"

ಆ ಕೈಗಳನ್ನು ಅಕ್ಕ ಇಷ್ಟು ದಿನ ಕಸುಬಿನ ಗುರುತೆಂದು ಹೊತ್ತಿದ್ದಳೇ ಹೊರತು ಯಾರೋ ಅವುಗಳಿಗಾಗಿ ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡಿದ್ದಾರೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಕೂತಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ಭಾವ ಎದ್ದು ಬಂದು ಆರಿದ ಕಾಫಿಯನ್ನು ಒಯ್ದು ಬಿಸಿ ಮಾಡಿಕೊಂಡು ಬಂದ.

ವಾರದ ನಂತರ ಫಲಿತಾಂಶ ಬಂತು. ಎರಡನೇ ಮಹಡಿಯ ನೀರಿನಲ್ಲಿ ಹಳೆಯ ವಿಷದ ಸುಳಿವೂ ಇರಲಿಲ್ಲ. ನೀತಿಗೆ ಒಪ್ಪಿಗೆ ಸಿಕ್ಕಿತು. ಪರವಾಗಿ ಎದ್ದ ಕೈಗಳಲ್ಲಿ ಕಂಚಿನ ಕಂಠದವರದ್ದೂ ಒಂದು, ಎದ್ದದ್ದು ಕೊನೆಗೆ, ಆದರೂ ಎದ್ದಿತು. ನೀತಿಯಲ್ಲಿದ್ದ ಮೂರು ಪ್ರಶ್ನೆಗಳ ಮೇಲೆ ಹೊಸದೊಂದು ಸೇರಿತ್ತು: ಯಾವುದನ್ನೇ ಕೊಳ್ಳುವ ಮೊದಲು ಅದನ್ನು ಕೈಯಲ್ಲಿ ಹಿಡಿದು ದುಡಿಯುವವರನ್ನು ಕೂರಿಸಿಕೊಂಡು ಕೇಳಲಾಗಿದೆಯೇ? ಶಾಲೆ, ಆಸ್ಪತ್ರೆ, ಮಾರುಕಟ್ಟೆ, ನಗರಸಭೆಯ ಅಷ್ಟೂ ಕಟ್ಟಡಗಳಿಗೆ ಇನ್ನು ಅದೇ ನಿಯಮ.

ಮರುದಿನ ಬೆಳಿಗ್ಗೆ ಜವಾನ ಒಂದು ಲಕೋಟೆ ತಂದು ಕನ್ನಡಿಯಕ್ಕನ ಕೈಗಿಟ್ಟ. ಕೊಟ್ಟವನು ಅವಳ ಮುಖ ನೋಡಲಿಲ್ಲ. ಅವಳಿಗೆ ಓದಲು ಬರುತ್ತಿತ್ತು, ಆದರೆ ಕಚೇರಿಯ ಭಾಷೆ ಕಷ್ಟ. ಉದ್ದಜಡೆಯವಳು ಜೋರಾಗಿ ಓದಿದಳು. ವಾಪಸು ಕಳಿಸಬೇಕಾದ ಎರಡು ಕ್ಯಾನು ದ್ರಾವಣವನ್ನು ಅನುಮತಿಯಿಲ್ಲದೆ ಬಚ್ಚಿಟ್ಟು ಬಳಸಿದ್ದು ಕರ್ತವ್ಯಲೋಪ. ತಮ್ಮ ಮೇಲೆ ಶಿಸ್ತುಕ್ರಮ ಏಕೆ ಜರುಗಿಸಬಾರದೆಂಬುದಕ್ಕೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು. ಕೆಳಗೆ ಸಹಿ, ಖರೀದಿ ಅಧಿಕಾರಿ.

ಓದುತ್ತ ಓದುತ್ತ ಉದ್ದಜಡೆಯವಳ ದನಿ ಸಣ್ಣದಾಯಿತು. ಸುತ್ತ ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು.

"ಇದೇನಕ್ಕಾ ಅನ್ಯಾಯ! ಎಲ್ಲ ಸರಿಹೋಯ್ತಲ್ಲ. ನೀನು ಬಾಯಿ ಬಿಡದಿದ್ರೆ ಆ ಮೇಡಂ ಗತಿ ಏನಾಗ್ತಿತ್ತು? ಒಡಹುಟ್ಟಿದ ತಂಗಿ ಮಾಡೋ ಕೆಲ್ಸನಾ ಇದು?"

ಕನ್ನಡಿಯಕ್ಕ ಕಾಗದವನ್ನು ಅವಳ ಕೈಯಿಂದ ತೆಗೆದುಕೊಂಡಳು. ಸಹಿಯನ್ನು ದಿಟ್ಟಿಸಿ ನೋಡಿದಳು. ಆ ಅಕ್ಷರಗಳನ್ನು ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದವಳು ಅವಳೇ. ಒಂದು ಗೆರೆಯೂ ನಡುಗಿರಲಿಲ್ಲ.

"ಇಪ್ಪತ್ತೆಂಟು ವರ್ಷದಿಂದ ಈ ಕಟ್ಟಡ ಒರೆಸ್ತಿದ್ದೀನಿ" ಎಂದಳು. "ಅಣ್ಣನ ತಪ್ಪು ಮುಚ್ಚಿದ ಅಧಿಕಾರಿ ನೋಡಿದ್ದೀನಿ, ಭಾವನ ತಪ್ಪು ಮುಚ್ಚಿದವರನ್ನ ನೋಡಿದ್ದೀನಿ, ಮಗನ ತಪ್ಪು ಕಡತದ ಸಮೇತ ನುಂಗಿದವರನ್ನೂ ನೋಡಿದ್ದೀನಿ. ಅಕ್ಕನಿಗೆ ನೋಟಿಸು ಕೊಟ್ಟವರನ್ನ ಯಾರಾದ್ರೂ ನೋಡಿದ್ದೀರೇನ್ರೇ?"

ಯಾರೂ ನೋಡಿರಲಿಲ್ಲ.

"ಇನ್ನೊಂದು ಸಲ ಓದು" ಎಂದು ಅವಳು ಕಾಗದವನ್ನು ಉದ್ದಜಡೆಯವಳ ಕೈಗೆ ವಾಪಸು ಕೊಟ್ಟಳು. "ಮೊದಲಿಂದ ಓದು. ಜೋರಾಗಿ ಓದು, ಮೊದಲ ಮಹಡಿಯವರಿಗೂ ಕೇಳಿಸ್ಲಿ. ನನ್ನ ತಂಗಿ ಬರೆದಿದ್ದು."